ಬಲಗಡೆಯ ಕಪ್ಪು ಪಟ್ಟಿ

ನಾನು ಒಂದು ಲ್ಯಾಪ್‌ಟಾಪು. ಹುಟ್ಟಿದ ಊರು ಯಾವುದೆಂದು ಹೇಳಲು ನನ್ನ ಹೊಟ್ಟೆಗೆ ಒಂದು ಚೀಟಿ ಅಂಟಿಸಿದ್ದರು. ಅದು ಎಂದೋ ಸವೆದುಹೋಯಿತು. ಕಣ್ಣು ಬಿಟ್ಟಾಗ ಎದುರಿಗೆ ಬಿಳಿ ಕೈಗವಸುಗಳ ಸಾಲು ಕಂಡದ್ದು ನೆನಪಿದೆ. ಯಾರೋ ನನ್ನ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸರಿಯಿದೆ ಎಂದುಕೊಂಡು, ಮುಚ್ಚಿ ಡಬ್ಬಿಗೆ ಹಾಕಿದರು. ಅಷ್ಟೇ ನನ್ನ ಬಾಲ್ಯ. ತೊಟ್ಟಿಲು, ನಾಮಕರಣ, ಜೋಗುಳ ಇವೆಲ್ಲ ನಮ್ಮ ಕುಲದಲ್ಲಿಲ್ಲ.

ಗದಗಿನ ಮದುವೆ ಫೋಟೋಗ್ರಾಫರ್ ಬಸಲಿಂಗಪ್ಪ ಸೂಡಿ ನನ್ನ ಮೊದಲ ಯಜಮಾನ. ಅವನ ಕೈಯಲ್ಲಿ ನಾನು ಎಷ್ಟು ಮದುಮಕ್ಕಳನ್ನು ಬೆಳ್ಳಗೆ ಮಾಡಿದೆನೋ ಲೆಕ್ಕವಿಲ್ಲ. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡು, ಬೆಳ್ಳಗಿದ್ದವರನ್ನು ಇನ್ನೂ ಬೆಳ್ಳಗೆ ಮಾಡು, ಹಿಂದೆ ಒಂದು ಹಿಮದ ಬೆಟ್ಟ ನಿಲ್ಲಿಸು. ಕೆಲಸ ಸುಖದ್ದೇ ಆಗಿತ್ತು. ಒಂದು ಮದುವೆಯಲ್ಲಿ ಬಸಲಿಂಗಪ್ಪ ನನ್ನನ್ನು ವೇದಿಕೆಯ ಸೋಫಾದ ಮೇಲಿಟ್ಟು ಊಟಕ್ಕೆ ಹೋದ. ವಧುವಿನ ಸೋದರಮಾವ, ತುಂಬಿದ ಮೈಯ ಸಜ್ಜನರು, ಆಶೀರ್ವಾದ ಮಾಡಿ ಮುಗಿಸಿ ದಣಿದು ಬಂದು ಸೀದಾ ನನ್ನ ಮೇಲೆ ಕುಳಿತರು. ಜೀವ ಉಳಿಯಿತು. ಆದರೆ ಪರದೆಯ ಬಲ ಅಂಚಿನಲ್ಲಿ ಎರಡು ಬೆರಳಿನಗಲ ಕಪ್ಪು ಪಟ್ಟಿಯೊಂದು ಬಂದು ನೆಲೆಸಿತು. ಅಲ್ಲಿ ಏನು ಬಂದರೂ ಕಾಣುವುದಿಲ್ಲ. ಆ ಮದುವೆಯ ಆಲ್ಬಮ್ಮಿನಲ್ಲಿ ಬಲಗಡೆ ನಿಂತ ನೆಂಟರ ಅಂದಚಂದ ಬಸಲಿಂಗಪ್ಪನಿಗೆ ಕಾಣದೆ, ಅವರೆಲ್ಲ ಇದ್ದ ಬಣ್ಣದಲ್ಲೇ ಉಳಿದರು.

ಬಸಲಿಂಗಪ್ಪ ನನ್ನನ್ನು ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಗೆ ಕೊಟ್ಟು ಹೊಸಬಳನ್ನು ಮನೆಗೆ ಕರೆದೊಯ್ದ. ಅಂಗಡಿಯ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತ ಕುಳಿತಿದ್ದಾಗ ಒಬ್ಬ ಹೆಂಗಸು ಬಂದಳು. ನಡುವಯಸ್ಸು, ಹತ್ತಿ ಸೀರೆ, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ನನ್ನನ್ನು ತೆರೆದು, ಕಪ್ಪು ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿ, "ಇರ್ಲಿ ಬಿಡ್ರಿ, ನಡೀತೈತಿ. ನಂಗ ಒಳಗಿಂದು ಗಟ್ಟಿ ಇದ್ರ ಸಾಕು," ಎಂದಳು. ಅವಳೇ ಸುನಂದಾ ಅಂಗಡಿ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಆ ಕೆಲಸ ಬಿಟ್ಟು, ತನ್ನ ಹಳೆಯ ವಿದ್ಯಾರ್ಥಿ ಇರ್ಫಾನ್ ಮುಲ್ಲಾನ ಜೊತೆ ವಿದ್ಯಾನಗರದ ಒಂದು ಖಾನಾವಳಿಯ ಮಾಳಿಗೆಯಲ್ಲಿ ಸಣ್ಣ ಕಂಪನಿ ಇಟ್ಟಿದ್ದಳು. ಕೆಳಗೆ ರೊಟ್ಟಿ ಬಡಿಯುವ ಸದ್ದು, ಮೇಲೆ ನಮ್ಮ ಕೀಲಿಗಳ ಸದ್ದು.

ಅವರ ಕಸುಬನ್ನು ಮೊದಮೊದಲು ಕಂಡು ನನಗೆ ಗಾಬರಿಯೇ ಆಯಿತು. ಕಂಪ್ಯೂಟರುಗಳಿಗೆ ಕನ್ನ ಹಾಕುವ ಕಸುಬು! ಆಮೇಲೆ ತಿಳಿಯಿತು, ಮನೆಯವರೇ ಕರೆದು ನಮ್ಮ ಮನೆಗೆ ಕನ್ನ ಹಾಕಿ ತೋರಿಸಿ, ಎಲ್ಲಿ ಗೋಡೆ ಮೆತ್ತಗಿದೆ ನೋಡಿ ಹೇಳಿ ಎನ್ನುತ್ತಾರೆ. ಯಾವ ಯಂತ್ರ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಮಾತಾಗಿರುತ್ತದೆ. ಆ ಗೆರೆ ದಾಟಿದರೆ ಪರೀಕ್ಷೆ ಮಾಡಲು ಬಂದವರಿಗೂ ಕಳ್ಳರಿಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಸುನಂದಾ ಇರ್ಫಾನನಿಗೆ ಹೇಳಿ ಹೇಳಿ ಅವನ ಕಿವಿ ತೂತು ಬೀಳಿಸಿದ್ದಳು.

ಕನ್ನ ಹಾಕಿದ ಮೇಲೆ ಒಳಗಿನ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಮನ್ನು ಬಿಟ್ಟು ಬರುತ್ತಾರೆ. ಕಸುಬಿನವರು ಅದನ್ನು ಏಜೆಂಟ್ ಎನ್ನುತ್ತಾರೆ. ಸುನಂದಾ ಬಂಟ ಎನ್ನುತ್ತಿದ್ದಳು. ಬಂಟ ಅಲ್ಲಿ ಮುದುರಿಕೊಂಡು ಮಲಗಿರುತ್ತಾನೆ. ಆಗಾಗ ಎದ್ದು ದೂರದಿಂದಲೇ ನನ್ನನ್ನು ಕೇಳುತ್ತಾನೆ, ಏನಾದರೂ ಕೆಲಸವಿದೆಯೇ ಎಂದು. ಇದ್ದರೆ ಕೊಡುತ್ತೇನೆ. ಇಲ್ಲದಿದ್ದರೆ ಮತ್ತೆ ಮಲಗುತ್ತಾನೆ. ಒಂದು ವಿಷಯ ನೆನಪಿಡಿ: ನಾನಾಗಿ ಅವನನ್ನು ಎಬ್ಬಿಸಲಾರೆ. ಅವನಾಗಿ ಎದ್ದು ಕೇಳುವವರೆಗೂ ನಾನು ಬಾಯಿ ಮುಚ್ಚಿಕೊಂಡು ಕಾಯಬೇಕು.

ನಾನು ಹೇಳಬೇಕೆಂದಿರುವ ಸಂಗತಿ ನಡೆದದ್ದು ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಹೆಸರು ಹೇಳುವುದಿಲ್ಲ, ಬಾಯಿ ಬಿಗಿ ಹಿಡಿಯುವುದು ನಮ್ಮ ಕಸುಬಿನ ಮೊದಲ ಪಾಠ. ಪರೀಕ್ಷೆ ನಡೆಯುತ್ತಿದೆ ಎಂಬುದು ಅಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಮುಖ್ಯ ವೈದ್ಯೆ ಡಾಕ್ಟರ್ ಶಾಲಿನಿ ಹುಯಿಲಗೋಳ ಅವರಿಗೆ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಹಾದೇವ ಗೋಕಾವಿಗೆ ಗೊತ್ತಿರಲಿಲ್ಲ. ಗೊತ್ತಿರಬಾರದು, ಅವನು ಹೇಗೆ ಎದುರಿಸುತ್ತಾನೆ ಎಂದು ನೋಡುವುದೇ ಪರೀಕ್ಷೆ. ಹಿಂದಿನ ತಿಂಗಳು ಸುನಂದಾ ಅದೇ ಆಸ್ಪತ್ರೆಯ ಸಭಾಂಗಣದಲ್ಲಿ ನಿಂತು ಸಿಬ್ಬಂದಿಗೆಲ್ಲ ಪಾಠ ಮಾಡಿ ಬಂದಿದ್ದಳು. ಮಹಾದೇವ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲಕ್ಕೂ ತಲೆಯಾಡಿಸಿದ್ದನ್ನು ಮೇಜಿನ ಮೇಲಿದ್ದ ನಾನೇ ಕಂಡಿದ್ದೆ.

ನಮ್ಮ ಬಂಟರು ಮೂವರು. ಸ್ವಾಗತದ ಮೇಜಿನ ಕಂಪ್ಯೂಟರಿನಲ್ಲಿ ಒಬ್ಬ, ಲೆಕ್ಕದ ಕೋಣೆಯಲ್ಲಿ ಒಬ್ಬ, ಉಗ್ರಾಣದಲ್ಲಿ ಒಬ್ಬ. ಅವರ ಹೆಸರೂ ಅವೇ: ಸ್ವಾಗತ, ಲೆಕ್ಕ, ಉಗ್ರಾಣ. ಆಪರೇಷನ್ ಥಿಯೇಟರು, ತೀವ್ರ ನಿಗಾ ಘಟಕ, ರಕ್ತನಿಧಿ ಇವುಗಳತ್ತ ತಲೆ ಹಾಕಿಯೂ ಮಲಗಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಒಂದು ಸೋಮವಾರದಿಂದ ಸ್ವಾಗತ ಮೊದಲಿಗಿಂತ ಹೆಚ್ಚು ಸಲ ಎದ್ದು ಕೇಳತೊಡಗಿದ.

"ಅಕ್ಕಾರ, ಈ ಸ್ವಾಗತದವಗ ನಿದ್ದಿನ ಹತ್ತವಲ್ದು ನೋಡ್ರಿ," ಎಂದು ಇರ್ಫಾನ್ ನಕ್ಕ. "ಕೆಲಸಾ ಕೊಡ್ರಿ ಕೆಲಸಾ ಕೊಡ್ರಿ ಅಂತ ಗಂಟು ಬಿದ್ದಾನ."

"ಹಳೇ ಮಷಿನ್ ಐತಲ್ಲ, ಬಂದ್ ಆಗಿ ಚಾಲೂ ಆಗತಿರಬೇಕು," ಎಂದಳು ಸುನಂದಾ. "ನಡೀಲಿ ಬಿಡು."

ನನಗೆ ಗೊತ್ತಿತ್ತು. ಸ್ವಾಗತ ಎಂಬ ಒಂದೇ ಹೆಸರಿನ ಕೂಗು ಎರಡು ಬೇರೆ ಬೇರೆ ವಿಳಾಸಗಳಿಂದ ಬರುತ್ತಿತ್ತು. ನಾನು ಅದನ್ನು ಮುಚ್ಚಿಡಲಿಲ್ಲ, ಪ್ರತಿ ಸಲವೂ ತೋರಿಸುತ್ತಲೇ ಇದ್ದೆ. ಆದರೆ ವಿಳಾಸದ ಸಾಲು ಬರುತ್ತಿದ್ದುದು ಪರದೆಯ ಬಲ ಅಂಚಿಗೆ, ಸೋದರಮಾವ ಕುಳಿತಿದ್ದ ಜಾಗಕ್ಕೆ. ಕಪ್ಪು ಪಟ್ಟಿಯ ಒಳಗೆ ಎರಡೂ ವಿಳಾಸಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಕೂಗಿ ಹೇಳೋಣವೆಂದರೆ ನನಗೆ ಇರುವುದು ಒಂದು ಫ್ಯಾನು. ಅದನ್ನೇ ಜೋರಾಗಿ ತಿರುಗಿಸಿದೆ. "ಇದಕ್ಕ ಬಾಳ ಸೆಕಿ ಆಗೇತಿ," ಎಂದು ಇರ್ಫಾನ್ ಕಿಟಕಿ ತೆರೆದ.

ಗುರುವಾರ ಬಂತು. ಅಂದು ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಮೂವರು ಬಂಟರೂ ತಮ್ಮ ತಮ್ಮ ಪರದೆಯನ್ನು ಮುಚ್ಚಬೇಕು, ನಿಮ್ಮ ಕಡತಗಳಿಗೆಲ್ಲ ಬೀಗ ಬಿದ್ದಿದೆ ಎಂಬ ಕೆಂಪು ಬರಹ ತೋರಿಸಬೇಕು. ನಿಜವಾದ ಬೀಗ ಇಲ್ಲ. ಅರ್ಧ ಗಂಟೆಗೆ ತಾನಾಗಿ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಸಿಬ್ಬಂದಿ ಏನು ಮಾಡುತ್ತಾರೆ ನೋಡುವುದು. ಸುನಂದಾ ಆದೇಶ ಬರೆದು ನನ್ನಲ್ಲಿಟ್ಟಳು. ಬಂಟರು ಒಬ್ಬೊಬ್ಬರಾಗಿ ಬಂದು ಕೊಂಡೊಯ್ದರು. ಲೆಕ್ಕ, ತಲುಪಿತು. ಉಗ್ರಾಣ, ತಲುಪಿತು. ಸ್ವಾಗತ, ತಲುಪಿತು. ಸುನಂದಾ ಕೆಳಗಿನಿಂದ ಚಹಾ ತರಿಸಿದಳು. ಇರ್ಫಾನ್, ಇಬ್ಬರೂ ಕೂತು ನೋಡೋಣವೆಂದು, ನನಗೊಂದು ತಂತಿ ಸಿಕ್ಕಿಸಿ ಗೋಡೆಯ ಮೇಲಿನ ದೊಡ್ಡ ಟಿವಿಗೆ ಜೋಡಿಸಿದ.

ಟಿವಿಯ ಮೇಲೆ ಯಾವ ಸೋದರಮಾವನೂ ಕುಳಿತಿರಲಿಲ್ಲ. ಬಲಗಡೆಯ ಸಾಲು ಗೋಡೆಯ ತುಂಬ ಮೂಡಿತು.

ಸುನಂದಾ ಲೋಟ ಬಾಯಿಗೆ ಒಯ್ದವಳು ಅಲ್ಲೇ ನಿಲ್ಲಿಸಿದಳು. "ಇರ್ಫಾನ್, ಸ್ವಾಗತಂದು ಎರಡು ವಿಳಾಸ ಯಾಕ ಐತಿ?"

ಇರ್ಫಾನ್ ಟಿವಿಯ ಹತ್ತಿರ ಹೋದ. ಆಸ್ಪತ್ರೆಯ ಯಾವ ವಿಳಾಸ ಯಾವ ಕೋಣೆಯದು ಎಂದು ಅವನಿಗೆ ಬಾಯಿಪಾಠ. "ಒಂದು ಸ್ವಾಗತಂದ ಐತ್ರಿ. ಇನ್ನೊಂದು..." ಅವನ ದನಿ ಇಳಿಯಿತು. "ಇನ್ನೊಂದು ರಕ್ತನಿಧಿದ್ರಿ ಅಕ್ಕಾರ."

"ಆದೇಶ ಯಾವಂವ ಒಯ್ದಾನ?"

"ರಕ್ತನಿಧಿಯಾಂವ."

ಕೆಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಬಂಟ ಅಲ್ಲಿಗೆ ಹೇಗೆ ಹೋದನೆಂದು ಯೋಚಿಸುವ ಹೊತ್ತು ಅದಲ್ಲ. ಅವಳು ಎಲ್ಲರ ಹೆಸರಿಗೂ ರದ್ದು ಆದೇಶ ಬರೆದಳು. ಪರೀಕ್ಷೆ ಇಲ್ಲಿಗೇ ನಿಲ್ಲಬೇಕು. ಲೆಕ್ಕ ಬಂದು ಒಯ್ದ, ಉಗ್ರಾಣ ಒಯ್ದ. ಸ್ವಾಗತ, ತಲುಪಿತು ಎಂದು ನಾನು ತೋರಿಸಿದಾಗ ಇರ್ಫಾನ್ ಕುರ್ಚಿಗೆ ಒರಗಿಕೊಂಡ.

"ಯಾವ ಸ್ವಾಗತ ನೋಡೋ!" ಎಂದು ಸುನಂದಾ ಕಿರುಚಿದಳು.

ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಪೋಸ್ಟಿನವನು ಯಾರು ಮೊದಲು ಬಾಗಿಲು ತೆರೆದರೋ ಅವರಿಗೆ ಕೊಟ್ಟು ಹೋಗುತ್ತಾನೆ. ನಾನೂ ಹಾಗೇ. ರದ್ದು ಆದೇಶ ಹೋಗಿದ್ದು ಸ್ವಾಗತದ ಮೇಜಿನವನಿಗೆ, ಅದರ ಅಗತ್ಯವೇ ಇಲ್ಲದವನಿಗೆ. ಸುನಂದಾ ಅದೇ ಹೆಸರಿಗೆ ಇನ್ನಷ್ಟು ರದ್ದು ಆದೇಶ ಬರೆದು ಪೇರಿಸಿದಳು. ಇನ್ನು ರಕ್ತನಿಧಿಯವನು ಏಳಬೇಕು, ಕೇಳಬೇಕು. ಯಾರ ಕಣ್ಣಿಗೂ ಬೀಳದಿರಲಿ ಎಂದು ಬಂಟರು ಅಪರೂಪಕ್ಕೆ ಏಳುವಂತೆ ಅವಳೇ ಮಾಡಿದ್ದಳು. ಹನ್ನೊಂದರೊಳಗೆ ಎದ್ದರೂ ಎದ್ದ, ಇಲ್ಲದಿದ್ದರೆ ಇಲ್ಲ.

"ಅದನ್ನ ಮುಟ್ಟಾಕ ನಮಗ ಪರವಾನಗಿ ಇಲ್ಲ," ಎಂದಳು ತನಗೆ ತಾನೇ.

"ಮುಟ್ಟೇಬಿಟ್ಟೀವಲ್ರಿ," ಎಂದ ಇರ್ಫಾನ್.

ಅವಳು ಡಾಕ್ಟರ್ ಶಾಲಿನಿಯವರಿಗೆ ಫೋನ್ ಮಾಡಿದಳು. ಬಂದ್ ಆಗಿತ್ತು. ವಾರ್ಡಿಗೆ ಮಾಡಿದಳು. ನರ್ಸಮ್ಮನ ದನಿ ನನಗೂ ಕೇಳಿಸಿತು: "ಮೇಡಂ ಥಿಯೇಟರಿನಾಗ ಅದಾರ್ರಿ. ಹೆರಿಗಿ ಕೇಸು, ರಕ್ತ ಬಾಳ ಹೋಗಾಕತ್ತೈತಿ. ಈಗ ಹೊರಗ ಬರೂದಿಲ್ರಿ."

ರಕ್ತನಿಧಿಯ ಕಂಪ್ಯೂಟರಿನಲ್ಲಿ ಇರುವುದು ಯಾವ ಗುಂಪಿನ ಚೀಲ ಯಾವ ಪೆಟ್ಟಿಗೆಯಲ್ಲಿದೆ, ಯಾವುದು ಯಾರಿಗೆ ಹೊಂದುತ್ತದೆ ಎಂಬ ಮಾಹಿತಿ. ಅದರ ಪರದೆ ಮುಚ್ಚಿದರೆ ಥಿಯೇಟರಿನಲ್ಲಿ ಮಲಗಿರುವ ಆ ತಾಯಿ ಕಾಯಬೇಕು. ಅರ್ಧ ಗಂಟೆ ಕಾಯುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಉಳಿದವನು ಮಹಾದೇವ. ಅವನಿಗೆ ಹೇಳಿದರೆ ಪರೀಕ್ಷೆಯ ಗುಟ್ಟೆಲ್ಲ ರಟ್ಟಾಗುತ್ತದೆ; ಆಗಲಿ ಎಂದು ಫೋನ್ ಹಚ್ಚಿದಳು. "ಮಹಾದೇವ ಅವರ, ನಾನು ಸುನಂದಾ ಅಂಗಡಿ. ರಕ್ತನಿಧಿ ಕಂಪ್ಯೂಟರ್ ಈಗಿಂದೀಗ ಬಂದ್ ಮಾಡಿ ಚಾಲೂ ಮಾಡ್ರಿ. ಕಾರಣ ಆಮ್ಯಾಲೆ ಹೇಳ್ತೀನಿ."

ಆ ಕಡೆಯಿಂದ ಅವನು ನಿಧಾನವಾಗಿ, ಪಾಠ ಒಪ್ಪಿಸುವವನಂತೆ ಹೇಳಿದ: "ಯಾರರ ಫೋನ್ ಮಾಡಿ ಗಡಿಬಿಡಿ ಮಾಡಿಸಿದ್ರ ಅವರ ಮಾತು ಕೇಳಬಾರದ್ರಿ. ದನಿ ಯಾರರೆ ಮಾಡತಾರ್ರಿ. ಸುನಂದಾ ಮೇಡಮ್ಮರ ಹೇಳಿಕೊಟ್ಟಾರ." ಫೋನ್ ಇಟ್ಟ.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಸಂಶಯ ಬಂದ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲನ್ನು ಮೊದಲು ಕಿತ್ತುಹಾಕಿ ಎಂದೂ ಸುನಂದಾ ಕಲಿಸಿದ್ದಳು. ಒಳ್ಳೆಯ ವಿದ್ಯಾರ್ಥಿ. ಗೋಡೆಯ ಟಿವಿಯಲ್ಲಿ ರಕ್ತನಿಧಿಯ ವಿಳಾಸ ಒಮ್ಮೆಲೇ ಬೂದಿ ಬಣ್ಣಕ್ಕೆ ತಿರುಗಿತು. ಇನ್ನು ಆ ಬಂಟ ಎದ್ದರೂ ಅವನ ಕೂಗು ನನಗೆ ಮುಟ್ಟದು. ನನ್ನ ರದ್ದು ಅವನಿಗೆ ಮುಟ್ಟದು. ಆದೇಶ ಮಾತ್ರ ಅವನ ಹೊಟ್ಟೆಯಲ್ಲಿ ಭದ್ರವಾಗಿದೆ. ಹನ್ನೊಂದಕ್ಕೆ ಅವನು ತಪ್ಪದೆ ತನ್ನ ಕೆಲಸ ಮಾಡುತ್ತಾನೆ.

ಸುನಂದಾ ನನ್ನನ್ನು ತೆರೆದಿದ್ದ ಹಾಗೆಯೇ ಎತ್ತಿಕೊಂಡಳು. ಇರ್ಫಾನನ ಸ್ಕೂಟರಿನ ಹಿಂದೆ ಕುಳಿತು ತೊಡೆಯ ಮೇಲಿಟ್ಟುಕೊಂಡಳು. ಹುಬ್ಬಳ್ಳಿಯ ರಸ್ತೆಯ ಧೂಳೆಲ್ಲ ನನ್ನ ಕೀಲಿಗಳ ಸಂದಿಯಲ್ಲಿ. ಆಟೋಗಳ ನಡುವೆ, ಬಸ್ಸಿನ ಪಕ್ಕದಲ್ಲಿ ಇರ್ಫಾನ್ ನುಗ್ಗುತ್ತಿದ್ದ; ಅವಳು ಒಂದು ಕೈಯಲ್ಲಿ ಅವನ ಭುಜ ಹಿಡಿದು, ಇನ್ನೊಂದು ಕೈಯಿಂದ ವಿಳಾಸದ ಸಾಲನ್ನು ಬಲಗಡೆಯಿಂದ ಎಳೆದು ಎಡಕ್ಕೆ ತಂದು ಕೂರಿಸಿದಳು. ಒಂದು ಬೆರಳಿನ ಕೆಲಸ. ನನ್ನನ್ನು ಕೊಂಡ ದಿನವೇ ಮಾಡಬಹುದಿತ್ತು.

ಆಸ್ಪತ್ರೆಯ ಗೇಟಿನಲ್ಲೇ ಮಹಾದೇವ ಎದುರಾದ. ಕೊರಳಲ್ಲಿ ಬೀಗದ ಕೈಗಳ ಗೊಂಚಲು, ಮುಖದಲ್ಲಿ ಗೆದ್ದ ಕಳೆ. "ಬರ್ರಿ ಮೇಡಂ. ನಿಮ್ಮ ಮುಖ ಗೊತ್ತೈತ್ರಿ ನಂಗ. ಆದ್ರ ಮುಖ ನೋಡಿ ಬಾಗಿಲಾ ತೆಗೀಬ್ಯಾಡ್ರಿ ಅಂತನೂ ನೀವ ಹೇಳೀರಿ. ಡಾಕ್ಟರ್ ಹೊರಗ ಬರೂತನಾ ಇಲ್ಲೇ ನಿಂದ್ರಬೇಕು."

ಅವನು ಮಾಡುತ್ತಿದ್ದುದೆಲ್ಲ ಸರಿಯೇ. ಅದೇ ದೊಡ್ಡ ಸಂಕಟ. ವಾದ ಮಾಡಿದಷ್ಟೂ ಕಳ್ಳಿಯ ಮಾತೇ ಆಗುತ್ತದೆಂದು ಸುನಂದಾಳಿಗೆ ತಿಳಿದಿತ್ತು. ಅವಳು ವಾದ ಮಾಡಲಿಲ್ಲ. ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ನಾ ಒಳಗ ಬರೂದಿಲ್ಲ. ಏನೂ ಮುಟ್ಟೂದಿಲ್ಲ. ನಂದೆಲ್ಲಾ ಇದರಾಗ ಐತಿ, ಬೀಗಾನೂ ಹಾಕಿಲ್ಲ. ನೀವ ತೊಗೋರಿ, ನೀವ ನೋಡ್ರಿ. ತಪ್ಪು ಅನ್ನಿಸಿದ್ರ ಪೊಲೀಸರಿಗೆ ಕೊಡ್ರಿ. ಆದ್ರ ಈಗ ನೋಡ್ರಿ."

ತನ್ನ ಆಯುಧವನ್ನು ಎದುರಾಳಿಯ ಕೈಗೆ ಕೊಡುವುದು ಈ ಕಸುಬಿನಲ್ಲಿಲ್ಲ. ಮಹಾದೇವ ಗಲಿಬಿಲಿಗೊಂಡು ನನ್ನನ್ನು ತೆಗೆದುಕೊಂಡ. ಅವನ ಅಂಗೈ ಬೆವರಿತ್ತು. ಮೂವರು ಬಂಟರ ಹೆಸರು ಓದಿದ, ಅವುಡುಗಚ್ಚಿದ. ಆಮೇಲೆ ಸ್ವಾಗತ ಎಂಬ ಒಂದೇ ಹೆಸರಿನ ಪಕ್ಕದಲ್ಲಿ ಎರಡು ವಿಳಾಸಗಳಿದ್ದುದನ್ನು, ಅದರಲ್ಲೊಂದು ಬೂದಿಯಾಗಿದ್ದುದನ್ನು ಓದಿದ. ಗೆದ್ದ ಕಳೆ ಎಲ್ಲಿ ಹೋಯಿತೋ.

"ರವಿವಾರ ರಕ್ತನಿಧಿ ಕಂಪ್ಯೂಟರಿನ ಡಿಸ್ಕ್ ಹೋಗಿತ್ರಿ," ಎಂದ ಮೆಲ್ಲಗೆ. "ಅರ್ಜೆಂಟ್ ಅಂತ ಸ್ವಾಗತದ್ದ ಪೂರಾ ಕಾಪಿ ಮಾಡಿ ಕೂಡಿಸಿ, ರಕ್ತದ ಮಾಹಿತಿ ಮತ್ತ ತುಂಬೀನಿ. ನಾ ಯಾರಿಗೂ ಹೇಳಿದ್ದಿಲ್ಲ."

ಬಂಟ ಮಲಗಿದ್ದ ಹಾಸಿಗೆಯನ್ನೇ ಸುತ್ತಿ ಮೇಲಿನ ಮಹಡಿಗೆ ಒಯ್ದಿದ್ದ ಅವನು, ಬಂಟನ ಸಮೇತ.

"ಆದ್ರ ಕೇಬಲ್ ಕಿತ್ತೀನಲ್ರಿ?"

"ಇವತ್ತ ಅದು ಸಾಲೂದಿಲ್ಲ. ಆದೇಶ ಒಳಗ ಕುಂತೈತಿ. ಪೂರಾ ಬಂದ್ ಮಾಡಿದ್ರ ಮರೀತೈತಿ. ಕೇಬಲ್ ಹಾಕಬ್ಯಾಡ್ರಿ, ಹಂಗ ಚಾಲೂ ಮಾಡ್ರಿ."

ಮಹಾದೇವ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿ ಓಡಿದ. ಸುನಂದಾ ಗೇಟಿನಲ್ಲೇ ನಿಂತಳು, ಕೊಟ್ಟ ಮಾತಿನಂತೆ.

ರಕ್ತನಿಧಿಯಲ್ಲಿ ಚಳಿ. ಮೇಜಿನ ಮುಂದೆ ಕುಳಿತ ಹುಡುಗಿ ಅದೇ ಆಗ ರೋಗಿಯ ಹೆಸರು ಟೈಪು ಹೊಡೆಯುತ್ತಿದ್ದಳು. ಮಹಾದೇವ ಬಟನ್ನಿಗೆ ಕೈ ಚಾಚಿದೊಡನೆ ಅವನ ಕೈ ಹಿಡಿದಳು. "ಏ, ತಲಿ ನೆಟ್ಟಗೈತೇನ್ರಿ? ಥಿಯೇಟರಿನಾಗಿಂದ ಎರಡು ಸಲ ಕೇಳ್ಯಾರ!"

"ಈಗ ನಾ ಬಂದ್ ಮಾಡಲಿಲ್ಲಂದ್ರ ಅದ ಬಂದ್ ಆಗತೈತಿ ತಂಗಿ. ಕೈ ಬಿಡು."

ಅವನು ಬಟನ್ ಒತ್ತಿ ಹಿಡಿದ. ಪರದೆ ಕಪ್ಪಾಯಿತು. ಮತ್ತೆ ಒತ್ತಿದ. ಒಂದು ಕಂಪ್ಯೂಟರು ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅದರ ಜಾತಿಯವನೇ ಆದ ನನಗೆ ಗೊತ್ತು. ಅಂದು ಅದು ಮುಗಿಯುವಂತೆಯೇ ಕಾಣಲಿಲ್ಲ. ಬಾಗಿಲಲ್ಲಿ ಆಳೊಬ್ಬ ಐಸಿನ ಪೆಟ್ಟಿಗೆ ಹಿಡಿದು ಕಾಲು ಬದಲಿಸುತ್ತಿದ್ದ. ಹುಡುಗಿ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು, ದೇವರನ್ನೋ ಮಹಾದೇವನನ್ನೋ, ಬೈಗುಳವೋ ಪ್ರಾರ್ಥನೆಯೋ. ಏಳು ಮಾರಾಯ, ಎಂದೆ ನಾನು ಒಳಗೊಳಗೇ.

ಪರದೆ ಬೆಳಗಿತು. ಹುಡುಗಿ ಅವನನ್ನು ತಳ್ಳಿ ಕುಳಿತು ಹೆಸರು ಟೈಪು ಹೊಡೆದಳು. ಓದಿದಳು. ಎದ್ದು ಪೆಟ್ಟಿಗೆ ತೆರೆದು ಚೀಲಗಳನ್ನು ತೆಗೆದು, ಗುರುತು ತಾಳೆ ನೋಡಿ, ಆಳಿನ ಕೈಗೆ ಕೊಟ್ಟಳು. ಅವನು ಓಡಿದ. ಅವನ ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಗೆ ಹೋಗಿ ನಿಂತಿತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಯಿತು. ಮಹಾದೇವ ಪರದೆಯನ್ನೇ ನೋಡುತ್ತ ನಿಂತ.

ಏನೂ ಆಗಲಿಲ್ಲ. ನನ್ನ ಬಾಳಿನ ಅತಿ ದೊಡ್ಡ ಘಟನೆ ಎಂದರೆ ಅದೇ, ಏನೂ ಆಗದೇ ಇದ್ದದ್ದು.

ಮಹಾದೇವ ನನ್ನನ್ನು ಹಿಂದಕ್ಕೆ ತಂದುಕೊಟ್ಟಾಗ ಸುನಂದಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದಳು. ಇಬ್ಬರೂ ಅಲ್ಲೇ ಕುಳಿತು, ಬಂಟರು ಎದ್ದು ಕೇಳಿದ ಹಾಗೆಲ್ಲ ಒಬ್ಬೊಬ್ಬರನ್ನಾಗಿ ಅಳಿಸಿದರು. ಅವನು ವಿಳಾಸ ಓದುವುದು, ಅವಳು ಅಳಿಸುವುದು. ರಕ್ತನಿಧಿಯವನನ್ನು ಮಹಾದೇವ ತಾನೇ ಹೋಗಿ ಕೈಯಾರೆ ತೆಗೆದು ಬಂದ.

ಸಂಜೆ ಮಾಳಿಗೆಯ ಕೋಣೆಯಲ್ಲಿ ಸುನಂದಾ ವರದಿ ಬರೆಯತೊಡಗಿದಳು. ಆಸ್ಪತ್ರೆಯ ದೋಷಗಳಿಗಿಂತ ಮೊದಲು ತನ್ನವನ್ನು ಬರೆದಳು: ಡಾಕ್ಟರ್ ಒಬ್ಬರ ಫೋನನ್ನೇ ನೆಚ್ಚಿ ಕುಳಿತದ್ದು, ಹೆಸರು ನೋಡಿ ವಿಳಾಸ ನೋಡದೇ ಇದ್ದದ್ದು. ಮಹಾದೇವನ ವಿಷಯ ಬಂದಾಗ, ಈತ ಮಾಡಬೇಕಾದ್ದನ್ನೆಲ್ಲ ಮಾಡಿದ್ದಾನೆ ಎಂದು ಬರೆದು, ಆ ಸಾಲನ್ನು ಎರಡು ಸಲ ಓದಿದಳು. ಅಷ್ಟರಲ್ಲಿ ಅವಳ ಫೋನು ಕೂಗಿತು.

"ಮೇಡಂ, ನಾನ್ರಿ, ಮಹಾದೇವ. ಆ ಕೇಸಿಂದು ಒಂದ್ ಸುದ್ದಿ..."

"ತಡೀರಿ," ಎಂದಳು ಸುನಂದಾ. "ಫೋನ್ ಇಡ್ರಿ. ನಾ ಆಸ್ಪತ್ರಿ ನಂಬರಿಗೆ ಹಚ್ಚಿ ನಿಮ್ಮನ್ನ ಕೇಳ್ತೀನಿ."

ಇರ್ಫಾನ್ ಬಾಯಿ ತೆರೆದು ನೋಡಿದ. ಅವಳು ನಿಜಕ್ಕೂ ಫೋನಿಟ್ಟು, ಆಸ್ಪತ್ರೆಗೆ ಹಚ್ಚಿ, ಮಹಾದೇವ ಗೋಕಾವಿ ಬೇಕೆಂದು ಕೇಳಿ, ಅವನು ಬರುವವರೆಗೂ ಕಾದಳು.

"ಈಗ ಹೇಳ್ರಿ."

"ತಾಯಿ ಮಗು ಇಬ್ರೂ ಆರಾಮ ಅದಾರ್ರಿ," ಎಂದ ಅವನು.

ಸುನಂದಾ ಸರಿ ಎಂದು ಫೋನಿಟ್ಟಳು. ನನ್ನ ಕೀಲಿಗಳ ಮೇಲೆ ತಲೆಯಿಟ್ಟು ಅತ್ತಳು. ವರದಿಯ ನಡುವೆ ಅರ್ಥವಿಲ್ಲದ ಅಕ್ಷರಗಳ ಉದ್ದ ಸಾಲೊಂದು ಬಿತ್ತು. ನನಗೆ ಸಿಟ್ಟು ಬರಲಿಲ್ಲ.

ಅಂದಿನಿಂದ ಆ ಕಂಪನಿಯಲ್ಲಿ ಒಂದು ಪದ್ಧತಿ. ಯಾವ ಆದೇಶಕ್ಕೂ ಮೊದಲು ಹಾಜರಿ. ಎದುರಿನ ಸಂಸ್ಥೆಯ ಒಬ್ಬರು ಯಂತ್ರದ ಮೇಲೆ ಕೈಯಿಟ್ಟು ಇದೇ, ಇಲ್ಲೇ ಇದೆ ಎನ್ನಬೇಕು. ಆಮೇಲೆ ಮುಂದಿನ ಮಾತು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಉಬ್ಬಿತೆಂದು ತೆಗೆದುಹಾಕಿದ್ದಾರೆ. ಗೋಡೆಯ ವೈರು ಕಚ್ಚಿಕೊಂಡಿದ್ದರೆ ಮಾತ್ರ ಜೀವ. ಒಂದು ಕಡೆಯ ತಿರುಗಣೆ ಮುರಿದು ತಲೆ ವಾಲುತ್ತದೆ. ಕಪಾಟಿನ ಮೂಲೆಯಲ್ಲಿ, ಹಳೆಯ ವೈರುಗಳ ಗಂಟಿನ ಪಕ್ಕದಲ್ಲಿ ನನ್ನ ವಾಸ. ಕೆಲಸಕ್ಕೆ ಹೊಸಬರು ಬಂದಾಗ ಮಾತ್ರ ಸುನಂದಾ ನನ್ನನ್ನು ಹೊರಗೆ ತೆಗೆಯುತ್ತಾಳೆ. ಆ ಗುರುವಾರದ ಪರದೆಯನ್ನು, ಆಸ್ಪತ್ರೆಯ ಗುರುತೆಲ್ಲ ಅಳಿಸಿ, ವಿಳಾಸದ ಸಾಲನ್ನು ಮೊದಲಿದ್ದ ಬಲಗಡೆಗೇ ಸರಿಸಿ, ನನ್ನಲ್ಲಿ ಇಟ್ಟಿದ್ದಾಳೆ. ಅದನ್ನು ತೋರಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಎಷ್ಟು ಮಂದಿ ಅದಾರ, ನೋಡಿ ಹೇಳ್ರಿ."

ಎಲ್ಲರೂ ಮೂವರು ಎನ್ನುತ್ತಾರೆ. ಕೆಲವರು ಎಣಿಸದೆಯೂ ಎನ್ನುತ್ತಾರೆ. ಆಗ ಅವಳು ತಂತಿ ತಂದು ನನ್ನನ್ನು ಗೋಡೆಯ ಟಿವಿಗೆ ಜೋಡಿಸುತ್ತಾಳೆ.

ಮೊನ್ನೆ ಅಣ್ಣಿಗೇರಿಯ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬಹಳ ಹೊತ್ತು ನನ್ನನ್ನೇ ನೋಡಿದಳು. ಮೂವರು ಎನ್ನಲಿಲ್ಲ. ಬಾಗಿ, ಕಪ್ಪು ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು.

"ಮೇಡಂ, ಇದರ ಬಲಕ್ಕ ಏನರ ಐತೇನ್ರಿ? ನಂಗ ಕಾಣವಲ್ದು. ಅದನ್ನ ನೋಡದ ಎಷ್ಟು ಮಂದಿ ಅಂತ ಹೆಂಗ ಹೇಳ್ಲಿ?"

ಸುನಂದಾ ಅಂದು ತಂತಿಗೆ ಕೈ ಹಾಕಲಿಲ್ಲ. ಕೆಳಗಿನಿಂದ ಇಬ್ಬರಿಗೂ ಚಹಾ ತರಿಸಿ, ನಾಳೆಯಿಂದ ಬಾ ಎಂದಳು.